ಕಾಸು ಕೊಟ್ಟು ಕರೆಯುವಾಗ

ಅಂಗಡಿ ತೆರೆದವರಿಗೆ ಗಿರಾಕಿಯನ್ನು ಕರೆಯುವ ಚಿಂತೆ ಇಂದು ನಿನ್ನೆಯದಲ್ಲ. ಗುಬ್ಬಿ ವೀರಣ್ಣನವರ ಸೀಮೆಯವರಿಗೆ ಕರಪತ್ರದ ಮಹಿಮೆಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆದರೆ ಕರಪತ್ರಕ್ಕೆ ಒಂದು ಕೊರತೆಯುಂಟು. ಸಾವಿರ ಹಾಳೆ ಅಚ್ಚು ಹಾಕಿಸಿದರೆ ಸಾವಿರಕ್ಕೂ ಹಣ ತೆರಬೇಕು. ಓದಿ ಬಂದವರೆಷ್ಟು, ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡವರೆಷ್ಟು ಎಂಬ ಲೆಕ್ಕ ಯಾರಿಗೂ ಸಿಗದು.

ಈಗ ಜನ ತಮಗೆ ಬೇಕಾದುದನ್ನು ಫೋನಿನಲ್ಲಿ ಬರೆದು ಹುಡುಕುತ್ತಾರೆ. ಉತ್ತರಗಳ ಜೊತೆಗೆ ಜಾಹೀರಾತುಗಳೂ ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಬಿದ್ದ ಮಾತ್ರಕ್ಕೆ ಅಂಗಡಿಯವರು ಹಣ ಕೊಡಬೇಕಾಗಿಲ್ಲ. ನೋಡಿದವರು ಅದನ್ನು ಒತ್ತಿದರೆ, ಅಂದರೆ ಕ್ಲಿಕ್ ಮಾಡಿದರೆ, ಕೊಡಬೇಕು. ನೂರು ಸಲ ಕಾಣಿಸಿ ಎರಡು ಸಲ ಒತ್ತಿಸಿಕೊಂಡರೆ ಕ್ಲಿಕ್ಕಿನ ಪ್ರಮಾಣ ಶೇಕಡ ೨. ಇದನ್ನು ಹೆಚ್ಚಿಸುವುದು ಹೇಗೆ, ಹೆಚ್ಚಿದ ಮಾತ್ರಕ್ಕೆ ಲಾಭ ಬಂದೀತೆ ಎಂಬುದೇ ಇಲ್ಲಿಯ ವಿಚಾರ.

೧೯೯೮ರಲ್ಲಿ ಅಮೆರಿಕದ ಗೋಟು ಎಂಬ ಕಂಪೆನಿ ಈ ಪದ್ಧತಿಯನ್ನು ಬಳಕೆಗೆ ತಂದಿತು. ಅಲ್ಲಿ ನಡೆಯುತ್ತಿದ್ದುದು ಬರಿಯ ಹರಾಜು: ಹೆಚ್ಚು ಕೂಗಿದವರಿಗೆ ಮೇಲಿನ ಜಾಗ. ೨೦೦೦ದಲ್ಲಿ ಜಾಹೀರಾತಿಗೆ ಇಳಿದ ಗೂಗಲ್, ೨೦೦೨ರಲ್ಲಿ ಇದಕ್ಕೊಂದು ತಿದ್ದುಪಡಿ ಮಾಡಿತು. ಕೂಗಿದ ಬೆಲೆಯ ಜೊತೆಗೆ ಕ್ಲಿಕ್ಕಿನ ಪ್ರಮಾಣವನ್ನೂ ತೂಕಕ್ಕೆ ಹಾಕಿತು. ಕಾರಣ ಸರಳ. ಒಬ್ಬರು ಕ್ಲಿಕ್ಕಿಗೆ ೧೦ ರೂಪಾಯಿ ಕೂಗಿದ್ದಾರೆ, ನೂರಕ್ಕೆ ಒಂದೇ ಕ್ಲಿಕ್ಕು. ಇನ್ನೊಬ್ಬರು ಕೂಗಿದ್ದು ೬ ರೂಪಾಯಿ, ನೂರಕ್ಕೆ ಮೂರು ಕ್ಲಿಕ್ಕು. ಸಾವಿರ ಸಲ ತೋರಿಸಿದರೆ ಮೊದಲನೆಯವರಿಂದ ೧೦೦ ರೂಪಾಯಿ, ಎರಡನೆಯವರಿಂದ ೧೮೦ ರೂಪಾಯಿ. ಕಂಪೆನಿ ಯಾರನ್ನು ಮುಂದೆ ಕೂರಿಸೀತು, ನೀವೇ ಹೇಳಿ! ಇಂದು ಆ ತೂಕಕ್ಕೆ ಇನ್ನಷ್ಟು ಸಂಗತಿಗಳು ಸೇರಿವೆ; ಆದರೆ ಜನಕ್ಕೆ ಬೇಕಾದ ಮಾತನ್ನು ಆಡಿದವರಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಜಾಗ ಸಿಗಬಹುದೆಂಬ ತತ್ತ್ವ ಉಳಿದಿದೆ.

ತುಮಕೂರಿನ ಶಿರಾ ಗೇಟ್‌ನಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಒಂದು ಸಣ್ಣ ಅಂಗಡಿ ಇದೆಯೆಂದು ಇಟ್ಟುಕೊಳ್ಳಿ. ಅವರು ಮೊದಲು ಗಮನಿಸಬೇಕಾದದ್ದು ಗಿರಾಕಿಯ ನಾಲಗೆಯನ್ನು. ತೋಟ ಒಣಗುತ್ತಿರುವ ರೈತ 'ವಿದ್ಯುತ್ ಯಂತ್ರ ದುರಸ್ತಿ' ಎಂದು ಹುಡುಕುವುದಿಲ್ಲ. 'ಮೋಟಾರ್ ಸುಟ್ಟಿದೆ' ಎನ್ನುತ್ತಾನೆ. ಊರ ಹೆಸರಿನದೂ ಒಂದು ಕಥೆ. ಇಂಗ್ಲಿಷ್ ಬರಹದಲ್ಲಿ 'ಟುಮ್ಕೂರ್' ಆಗಿದ್ದುದು ೨೦೧೪ರ ನವೆಂಬರ್ ೧ರಂದು 'ತುಮಕೂರು' ಎಂದು ಬದಲಾಯಿತು. ಬೆರಳಿಗೆ ಹಳೆಯ ರೂಢಿ ಬಿಡಬೇಕಲ್ಲ! ಎರಡು ಕಾಗುಣಿತಗಳನ್ನೂ, ಕನ್ನಡ ಲಿಪಿಯ ರೂಪವನ್ನೂ ಪಟ್ಟಿಯಲ್ಲಿ ಸೇರಿಸಬೇಕು.

ಬೇಡದ ಮಾತುಗಳನ್ನು ಹೊರಗಿಡುವುದೂ ಅಷ್ಟೇ ಮುಖ್ಯ. 'ರಿವೈಂಡಿಂಗ್ ತರಬೇತಿ', 'ರಿವೈಂಡಿಂಗ್ ಕೆಲಸ' ಎಂದು ಹುಡುಕುವವರು ಗಿರಾಕಿಗಳಲ್ಲ. ಬರಿಯ 'ಶಿರಾ' ಎಂದರಂತೂ ಸುಮಾರು ೫೦ ಕಿಲೋಮೀಟರು ಆಚೆಯ ಶಿರಾ ಪಟ್ಟಣವೂ ಆದೀತು, ರವೆಯ ಸಿಹಿತಿಂಡಿಯೂ ಆದೀತು! ಇಂಥ ಮಾತುಗಳಿಗೆ ಜಾಹೀರಾತು ಕಾಣದಂತೆ ತಡೆಯುವ ಏರ್ಪಾಡು ಇದೆ. ಜಾಗದ ವಿಷಯವೂ ಹಾಗೆಯೇ. ಊರಲ್ಲಿ ಇರುವವರಿಗೆ ಮಾತ್ರ ತೋರಿಸೆಂದು ಆರಿಸದಿದ್ದರೆ, ಊರಿನ ಬಗ್ಗೆ ಆಸಕ್ತಿ ತೋರಿದ ದೂರದವರಿಗೂ ಅದು ಕಾಣಿಸುತ್ತದೆ.

ಇನ್ನು ಬರಹ. ಒಂದೊಂದು ಶೀರ್ಷಿಕೆಗೆ ೩೦ ಅಕ್ಷರಗಳ ಮಿತಿ. 'ನಂಬಿಕೆಗೆ ಮತ್ತೊಂದು ಹೆಸರು' ಎಂಬ ಮಾತು ಬಟ್ಟೆ ಅಂಗಡಿಗೂ ಸಲ್ಲುತ್ತದೆ, ಬೇಕರಿಗೂ ಸಲ್ಲುತ್ತದೆ. 'ಮೋಟಾರ್ ರಿವೈಂಡಿಂಗ್, ಶಿರಾ ಗೇಟ್' ಎಂದರೆ ರೈತನಿಗೆ ಕೆಲಸವೂ ತಿಳಿಯಿತು, ಜಾಗವೂ ತಿಳಿಯಿತು. ಕೆಳಗೆ ಅಂಗಡಿ ತೆರೆಯುವ ವೇಳೆ, ಕೆಲಸಕ್ಕೆ ಹಿಡಿಯುವ ದಿನ, ಫೋನ್ ಸಂಖ್ಯೆ ಇದ್ದರೆ ಸಾಕು. ಫೋನ್ ಎತ್ತುವವರಿಲ್ಲದ ಹೊತ್ತಿನಲ್ಲಿ ಜಾಹೀರಾತನ್ನು ನಿಲ್ಲಿಸಿಡುವುದು ಜಾಣತನ.

ಇಲ್ಲೊಂದು ಮೋಹವುಂಟು. 'ಉಚಿತ' ಎಂಬ ಒಂದು ಪದ ಸೇರಿಸಿದರೆ ಕ್ಲಿಕ್ಕುಗಳು ದಡದಡನೆ ಏರಬಹುದು. ಆದರೆ ಲೆಕ್ಕ ನೋಡಿ. ಕ್ಲಿಕ್ಕಿಗೆ ೮ ರೂಪಾಯಿಯಂತೆ ೧೦೦ ಕ್ಲಿಕ್ಕಿಗೆ ೮೦೦ ರೂಪಾಯಿ. ನಾಲ್ಕು ಮೋಟಾರು ಬಂದರೆ ಒಂದೊಂದಕ್ಕೆ ಬಿದ್ದ ಖರ್ಚು ೨೦೦. ಉಚಿತದ ಆಸೆಗೆ ೩೦೦ ಮಂದಿ ಒತ್ತಿದರೆ ಖರ್ಚು ೨೪೦೦. ಬಂದ ಮೋಟಾರು ಅದೇ ನಾಲ್ಕಾದರೆ ಒಂದೊಂದಕ್ಕೆ ೬೦೦. ಪ್ರಮಾಣ ಏರಿತು, ಗಲ್ಲಾಪೆಟ್ಟಿಗೆ ಬರಿದಾಯಿತು. ಮೋಸಹೋದವನ ಬೈಗುಳ ಬೇರೆ!

ಆದುದರಿಂದ ಕ್ಲಿಕ್ಕನ್ನು ಬಾಗಿಲು ತಟ್ಟಿದ ಸದ್ದೆಂದು ತಿಳಿಯಿರಿ, ವ್ಯಾಪಾರವೆಂದಲ್ಲ. ಯಾವ ಯಾವ ಮಾತು ಬರೆದು ಹುಡುಕಿದವರು ನಿಮ್ಮ ಜಾಹೀರಾತನ್ನು ಕಂಡರೆಂಬ ಪಟ್ಟಿ ನಿಮ್ಮ ಖಾತೆಯಲ್ಲೇ ದೊರೆಯುತ್ತದೆ. ವಾರಕ್ಕೊಮ್ಮೆ ಅದನ್ನು ತೆರೆದು, ಪಕ್ಕದಲ್ಲಿ ಆ ವಾರ ಬಂದ ಕರೆಗಳನ್ನೂ ಕೆಲಸಗಳನ್ನೂ ಬರೆದುಕೊಳ್ಳಿ. ಕೆಲಸ ತಂದ ಮಾತನ್ನು ಉಳಿಸಿ, ಬರಿಯ ಕಾಸು ತಿಂದ ಮಾತನ್ನು ಹೊಡೆದುಹಾಕಿ. ಅರ್ಧ ಗಂಟೆಯ ಕೆಲಸ. ಅಂಗಡಿಯ ದಿನವಹಿ ಬರೆಯಬಲ್ಲವರಿಗೆ ಇದೇನೂ ಕಷ್ಟವಲ್ಲ.