ಬೆಂಕಿ ಮುಟ್ಟಿಸದೆ ನಟ್ಟಿನ ದುರಸ್ತಿ

(ವಿಜಯಪುರದಲ್ಲಿ ಮಲೆನಾಡಿನ ಹಳ್ಳಿಗರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳನ್ನು ತಾವು ಕಂಡಿರಿ. ಕೊಯ್ಲಿನ ದಿನಗಳಲ್ಲಿ ಇಲ್ಲಿಯ ರೈತನಿಗೆ ವಾಹನವೇ ಕೈಕಾಲು. ಒಂದು ನಟ್ಟಿನ ದೆಸೆಯಿಂದ ಅದು ವಿಜಯಪುರದ ಗ್ಯಾರೇಜಿನಲ್ಲಿ ದಿನಗಟ್ಟಲೆ ನಿಲ್ಲುವುದುಂಟು. ಹಳೆಯ ಕಾರಾದರೆ ಗುಜರಿಯ ಪಾಲಾಗುವುದೂ ಉಂಟು. ನನ್ನ ಮಾತು ಆ ನಟ್ಟನ್ನು ಕುರಿತದ್ದು.

ಕಾರಿನ ಚೌಕಟ್ಟು ಬಹುಪಾಲು ತಗಡನ್ನು ಮಡಿಸಿ ಮಾಡಿದ ಪೊಳ್ಳು ತೊಲೆ. ಅದರೊಳಗೆ ಪಾನಾ ಹೋಗದ ಕಾರಣ ಕಾರ್ಖಾನೆಯಲ್ಲಿಯೇ ನಟ್ಟನ್ನು ತಗಡಿನ ಹಿಂಬದಿಗೆ ವೆಲ್ಡ್ ಮಾಡಿ, ಇಲ್ಲವೇ ಚಿಕ್ಕ ಗೂಡಿನಲ್ಲಿ ಕೂಡಿಸಿ ಇಟ್ಟಿರುತ್ತಾರೆ. ಇದೇ ಕ್ಯಾಪ್ಟಿವ್ ನಟ್. ನಮ್ಮ ಎರೆಮಣ್ಣು ಹಸಿಯಾದಾಗ ಸಂದುಗಳಲ್ಲಿ ಮೆತ್ತಿಕೊಂಡು ತೇವವನ್ನು ಹಿಡಿದಿಡುತ್ತದೆ. ನಿಮ್ಮಲ್ಲಿ ಆ ಕೆಲಸವನ್ನು ತಿಂಗಳುಗಟ್ಟಲೆಯ ಮಳೆಯೇ ಮಾಡುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಬೆಸುಗೆ ಕಿತ್ತು, ನಟ್ಟು ಬೋಲ್ಟಿನೊಡನೆ ಸುಮ್ಮನೆ ಸುತ್ತತೊಡಗುತ್ತದೆ.

ಆಗ ಎಲ್ಲರಿಗೂ ನೆನಪಾಗುವುದು ವೆಲ್ಡಿಂಗ್. ಅದು ತಪ್ಪಲ್ಲ. ಆದರೆ ಸಮೀಪದಲ್ಲಿ ಇಂಧನದ ಕೊಳವೆ, ವೈರು, ಆಸನದ ಸ್ಪಂಜು ಇದ್ದರೆ ಬೆಂಕಿಯ ಭಯವಿದೆ. ಕಾವಿಗೆ ತೊಲೆಯ ಒಳಬಣ್ಣ, ಸತುವಿನ ಲೇಪ ಸುಟ್ಟುಹೋಗುತ್ತವೆ. ಬ್ರಷ್ಷು ತಲುಪದ ಆ ಜಾಗದಿಂದಲೇ ಮತ್ತೆ ತುಕ್ಕು ಹಬ್ಬುತ್ತದೆ.

ಬೆಂಕಿಯಿಲ್ಲದ ದಾರಿಗಳೂ ಇವೆ. ಮೊದಲು ಬೋಲ್ಟಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಒಳಗೆ ಬಿದ್ದ ನಟ್ಟನ್ನು ಅಯಸ್ಕಾಂತದಿಂದ ಹೊರಗೆಳೆಯಬೇಕು. ತೊಲೆಗೆ ಹತ್ತಿರದಲ್ಲಿ ಬೇರೊಂದು ರಂಧ್ರವಿದ್ದರೆ, ದಪ್ಪನೆಯ ಕಬ್ಬಿಣದ ಪಟ್ಟಿಗೆ ಮರೆ ಕೊರೆದು, ತಂತಿ ಕಟ್ಟಿ ಒಳಗಿಳಿಸಿ, ಬೋಲ್ಟಿನ ರಂಧ್ರಕ್ಕೆ ಎಳೆದುಕೊಳ್ಳಬಹುದು. ಪಟ್ಟಿ ತೊಲೆಯ ಗೋಡೆಗೆ ತಾಗುವಷ್ಟು ಉದ್ದವಿದ್ದರೆ ಅದು ತಿರುಗದು. ಭಾರ ಅಗಲಕ್ಕೆ ಹಂಚಿಹೋಗುವುದರಿಂದ ಇದೇ ಹೆಚ್ಚು ಗಟ್ಟಿ. ತಗಡಿನ ಅಂಚು ಕೈಗೆ ಸಿಗುವಲ್ಲಿ ಅಂಚಿಗೆ ಸಿಕ್ಕಿಸುವ ಕ್ಲಿಪ್ ನಟ್ ಸಾಕು.

ಒಳಗೆ ದಾರಿಯೇ ಇಲ್ಲದಿದ್ದರೆ ರಿವೆಟ್ ನಟ್ ಉಂಟು. 1930ರ ದಶಕದಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯು ವಿಮಾನದ ರೆಕ್ಕೆಗೆ ಹಿಮ ಕಳಚುವ ರಬ್ಬರ್ ಹೊದಿಕೆಯನ್ನು ಜೋಡಿಸಲೆಂದು ಇದನ್ನು ರೂಪಿಸಿತು. ಹೊರಗಿನಿಂದಲೇ ತೂರಿಸಿ ಉಪಕರಣದಿಂದ ಎಳೆದಾಗ ಅದರ ಕೊಳವೆ ತಗಡಿನ ಹಿಂದೆ ಉಬ್ಬಿ ಕಚ್ಚಿಕೊಳ್ಳುತ್ತದೆ. 6 ಮಿ.ಮೀ. ಬೋಲ್ಟಿನ ನಟ್ಟಿಗೆ ಸಾಮಾನ್ಯವಾಗಿ 9 ಮಿ.ಮೀ. ರಂಧ್ರ ಬೇಕು. ರಂಧ್ರ ಸಡಿಲಾದರೆ ನಟ್ಟು ಮತ್ತೆ ಸುತ್ತುತ್ತದೆ. ಕೊರೆದ ಅಂಚಿಗೆ ಸತುವಿನ ಪ್ರೈಮರ್ ಬಳಿಯುವುದನ್ನು ಮರೆಯಬಾರದು.

ಈಗ ಮುಖ್ಯವಾದ ಎಚ್ಚರಿಕೆ. ಬಂಪರು, ಮಡ್‌ಗಾರ್ಡು, ಕೆಳತಗಡುಗಳಿಗೆ ರಿವೆಟ್ ನಟ್ ಒಪ್ಪುತ್ತದೆ. ಸೀಟ್ ಬೆಲ್ಟ್, ಆಸನ, ಸ್ಟೀರಿಂಗ್, ಸಸ್ಪೆನ್ಶನ್, ಎಂಜಿನ್ ಹಿಡಿಯುವ ಜಾಗಗಳಿಗೆ ಸಲ್ಲದು. ಅಪಘಾತದ ಎಳೆತಕ್ಕೆ ಅದು ತಗಡಿನಿಂದ ಕಿತ್ತುಬರಬಹುದು. ಅಲ್ಲಿ ವಾಹನ ತಯಾರಕರು ಹೇಳಿದ ಕ್ರಮವೇ ಪ್ರಮಾಣ. ಅದು ವೆಲ್ಡಿಂಗ್ ಆದರೆ ವೆಲ್ಡಿಂಗೇ ಸರಿ. ತಗಡೇ ತುಕ್ಕು ತಿಂದು ಪುಡಿಯಾಗಿದ್ದರೆ ಯಾವ ನಟ್ಟೂ ನಿಲ್ಲದು. ಯಾವ ಜಾಗ ಎಷ್ಟು ಭಾರ ಹೊರುತ್ತದೆಂಬ ತಿಳಿವಳಿಕೆ ಹಳ್ಳಿಯ ಮೆಕ್ಯಾನಿಕ್‌ಗೂ ದೊರೆಯಬೇಕು. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ದುರಸ್ತಿ ಕೈಪಿಡಿಯನ್ನು ಕೇಳುವುದು ಬೇಡುವುದಲ್ಲ.

ಕುದುರೆಮುಖದ ಗಣಿ 2005ರ ಡಿಸೆಂಬರ್ 31ರಂದು ನಿಂತಿತು. ಕಬ್ಬಿಣಕ್ಕೆ ಬೆಟ್ಟ ತೆರುವ ಬೆಲೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಗಟ್ಟಿಯಾಗಿರುವ ಚೌಕಟ್ಟನ್ನು ಒಂದು ನಟ್ಟಿಗಾಗಿ ಗುಜರಿಗೆ ಹಾಕಬೇಡಿ. ಕೊಳೆತ ಚೌಕಟ್ಟನ್ನು ಒಂದು ನಟ್ಟಿನಿಂದ ಮುಚ್ಚಿ ಮಂದಿಯನ್ನು ಕೂರಿಸಲೂ ಬೇಡಿ. ಬೋಲ್ಟು ಬಿಚ್ಚುವ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮರುದಿನ ಅತ್ತ ಇತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿರಿ. ಎಷ್ಟೋ ನಟ್ಟುಗಳು ಅಷ್ಟರಿಂದಲೇ ಉಳಿಯುತ್ತವೆ.