ಬೀಗ ಮತ್ತು ಬೀಗದ ಕೈ: ಲ್ಯಾಂಪ್ರೇ ಮೀನು ಕಲಿಸುವ ಪಾಠ



ಇಂದು ದವಡೆಯೇ ಇಲ್ಲದ ಒಂದು ಮೀನಿನ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಅದರ ಹೆಸರು ಸಮುದ್ರ ಲ್ಯಾಂಪ್ರೇ. ನೋಡಲು ಹಾವಿನಂತೆ, ಬಾಯಿ ದುಂಡಗೆ, ಒಳಗೆಲ್ಲ ಹಲ್ಲು. ಬೇರೆ ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದರ ವಂಶವೂ ನಮ್ಮ ವಂಶವೂ ಬೇರೆಯಾಗಿ ಸುಮಾರು 50 ಕೋಟಿ ವರ್ಷಗಳಾದವು. ಬದುಕಿನಲ್ಲಿ ಒಂದೇ ಸಲ ಮೊಟ್ಟೆಯಿಡುತ್ತದೆ, ಆಮೇಲೆ ಸಾಯುತ್ತದೆ. ಆ ಒಂದು ಸಲಕ್ಕೆ ದೇಹವನ್ನು ಸಿದ್ಧಗೊಳಿಸುವುದು ಯಾರು? ಮೆದುಳು.

ಮೆದುಳಿನ ಹೈಪೋಥಲಾಮಸ್ ಭಾಗವು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಹತ್ತೇ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಪಿಟ್ಯುಟರಿ ಗ್ರಂಥಿಯ ಜೀವಕೋಶಗಳ ಮೇಲೆ ಅದಕ್ಕೆ ಹೊಂದುವ ಗ್ರಾಹಕಗಳಿವೆ. ಹಾರ್ಮೋನ್ ಬೀಗದ ಕೈ, ಗ್ರಾಹಕವೇ ಬೀಗ. ಬೀಗ ತೆರೆದರೆ ಪಿಟ್ಯುಟರಿಯಿಂದ ಇನ್ನೊಂದು ಹಾರ್ಮೋನ್ ಹೊರಟು ಅಂಡಾಶಯ, ವೃಷಣಗಳನ್ನು ಎಚ್ಚರಿಸುತ್ತದೆ. ನಮ್ಮಲ್ಲಿ ಈ ಸಂದೇಶವನ್ನು ಒಯ್ಯಲು ಸಣ್ಣ ರಕ್ತನಾಳಗಳಿವೆ. ಲ್ಯಾಂಪ್ರೇಯಲ್ಲಿ ಅವು ಇಲ್ಲ; ನೀರು ಮಣ್ಣಿನಲ್ಲಿ ಇಂಗಿದಂತೆ ಹಾರ್ಮೋನ್ ಇಂಗಿ ಗ್ರಂಥಿಯನ್ನು ತಲುಪುತ್ತದೆ. ದಾರಿ ಬೇರೆ, ಬೀಗ ಮಾತ್ರ ಒಂದೇ ಮನೆತನದ್ದು!

ಸಸ್ತನಿಗಳ ಜಿಎನ್‌ಆರ್‌ಎಚ್ ರಚನೆ 1971ರಲ್ಲಿ ತಿಳಿಯಿತು. ಇಂಥ ಮೆದುಳಿನ ಹಾರ್ಮೋನುಗಳ ಶೋಧಕ್ಕಾಗಿ ಶಾಲಿ ಮತ್ತು ಗಿಲೆಮಿನ್ 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಲ್ಯಾಂಪ್ರೇಯ ಹಾರ್ಮೋನನ್ನು 1986ರಲ್ಲಿ ಶೆರ್ವುಡ್, ಸೋವರ್ ಮತ್ತು ಸಂಗಡಿಗರು ಗುರುತಿಸಿದರು. ಅದರ ಮೊದಲ ಗ್ರಾಹಕದ ವಿವರ 2005ರಲ್ಲಿ ಪ್ರಕಟವಾಯಿತು.

ಇದರಿಂದೇನು ಲಾಭ ಎಂದು ಕೇಳುತ್ತೀರಿ. ಉತ್ತರ ಅಮೆರಿಕದಲ್ಲಿ ನಯಾಗರಾ ಜಲಪಾತವು ಲ್ಯಾಂಪ್ರೇಗೆ ಅಡ್ಡಗೋಡೆಯಾಗಿತ್ತು. ಹಡಗುಗಳಿಗಾಗಿ ತೋಡಿದ ವೆಲ್ಯಾಂಡ್ ಕಾಲುವೆ ಆ ಗೋಡೆಯನ್ನು ಬಳಸಿ ಹೋಗುವ ದಾರಿಯಾಯಿತು. 1921ರಲ್ಲಿ ಈರಿ ಸರೋವರದಲ್ಲಿ, 1938ರಲ್ಲಿ ಸುಪೀರಿಯರ್ ಸರೋವರದಲ್ಲಿ ಅದು ಕಾಣಿಸಿತು. ಟ್ರೌಟ್ ಮೀನು ನಾಶವಾಯಿತು, ಬೆಸ್ತರ ಹೊಟ್ಟೆಗೆ ಪೆಟ್ಟು ಬಿತ್ತು. 1958ರಿಂದ ಹೊಳೆಗಳಿಗೆ ರಾಸಾಯನಿಕ ಹಾಕಿ ಮರಿಗಳನ್ನು ಕೊಲ್ಲುತ್ತಿದ್ದಾರೆ. ವಿಷದ ಬದಲು ಆ ಬೀಗವನ್ನೇ ತಡೆಯಬಹುದೇ ಎಂಬುದು ವಿಜ್ಞಾನಿಗಳ ಪ್ರಶ್ನೆ.

ನಮ್ಮಲ್ಲಿ ಕೆಲಸ ಇದರ ತಿರುವು: ಮುಚ್ಚುವುದಲ್ಲ, ತೆರೆಯುವುದು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದರು. ಇಂದು ನಮ್ಮ ಮೀನುಮರಿ ಕೇಂದ್ರಗಳಲ್ಲಿ ಜಿಎನ್‌ಆರ್‌ಎಚ್ ಮಾದರಿಯ ಚುಚ್ಚುಮದ್ದು ಅದೇ ಕೆಲಸ ಮಾಡುತ್ತದೆ. ಕೆರೆಗೆ ಬಿಡುವ ಮರಿಗಳ ಹಿಂದೆ ಈ ವಿದ್ಯೆಯಿದೆ.

ಮಕ್ಕಳೇ, ಒಂದೇ ತಿಳಿವಳಿಕೆ ಅಲ್ಲಿ ಕೆರೆ ಉಳಿಸಲು, ಇಲ್ಲಿ ತಟ್ಟೆ ತುಂಬಿಸಲು. ಪಠ್ಯಪುಸ್ತಕದ 'ಹಾರ್ಮೋನು' ಪಾಠವನ್ನು ಅಂಕಕ್ಕಾಗಿ ಮಾತ್ರ ಓದಬೇಡಿ. ನಿಮ್ಮೂರಿನ ಕೆರೆಯ ದಂಡೆಗೆ ಹೋಗಿ, ಮೀನು ಸಾಕುವವರನ್ನು ಕೇಳಿ, ನೋಡಿ ಕಲಿಯಿರಿ.