ಓದಿದ್ದೆಷ್ಟು, ಉಳಿದದ್ದೆಷ್ಟು?



ದೀಪಾವಳಿಯ ಪಾಡ್ಯದ ದಿನ ವ್ಯಾಪಾರಿಗಳು ಅಂಗಡಿಯಲ್ಲಿ ಖಾತೆ ಕಿರ್ದಿಗಳ ಪೂಜೆ ಮಾಡುತ್ತಾರೆ. ಬಂದದ್ದೆಷ್ಟು, ಹೋದದ್ದೆಷ್ಟು, ಬಾಕಿ ಎಷ್ಟು ಎಂದು ನೋಡಿಕೊಂಡು ಹೊಸ ಪುಟ ತೆರೆಯುತ್ತಾರೆ. ಒಕ್ಕಲಿಗನು ರಾಶಿ ಮಾಡಿದ ಮೇಲೆ ಚೀಲ ಎಣಿಸುತ್ತಾನೆ. ಹಾಗಾದರೆ ಓದುವವನಿಗೆ ಲೆಕ್ಕವಿಲ್ಲವೇ? ಇದೆ. 2023ರ ಪಾಡ್ಯದಿಂದ 2024ರ ಈ ಪಾಡ್ಯದವರೆಗೆ ನಾವು ಓದಿದ್ದೇನು, ಮರಳಿ ಓದಿದ್ದೇನು, ಅದರಲ್ಲಿ ಒಳಗೆ ಉಳಿದದ್ದೇನು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಮಠದ ಹಣದ ಲೆಕ್ಕವನ್ನು ಭಕ್ತರಿಗೆ ಒಪ್ಪಿಸುವುದು ಹೇಗೆ ಧರ್ಮವೋ, ಓದಿನ ಲೆಕ್ಕವನ್ನು ಒಪ್ಪಿಸುವುದೂ ಹಾಗೆಯೇ ಧರ್ಮ. ಏಕೆಂದರೆ ನಮಗೆ ಓದಲು ಬಿಡುವು ಕೊಟ್ಟವರು ನೀವು. ನೀವು ಹೊಲದಲ್ಲಿ ದುಡಿದುದರಿಂದಲೇ ನಾವು ಇಲ್ಲಿ ಕುಳಿತು ಓದಿದೆವು.

ಲೆಕ್ಕ ಬಹಳ ದೊಡ್ಡದಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಕೆಲವು ವಾರ ಪುಸ್ತಕ ಮುಟ್ಟಬೇಡಿರೆಂದು ವೈದ್ಯರು ಹೇಳಿದರು. ಆಗ ಪ್ರಸಾದ ನಿಲಯದ ಒಬ್ಬ ಹುಡುಗ ಸಂಜೆ ಬಂದು ಓದಿ ಹೇಳತೊಡಗಿದ. ಕಣ್ಣು ಸರಿಹೋದ ಮೇಲೂ ಆ ಪಾಠವನ್ನು ನಾವು ನಿಲ್ಲಿಸಲಿಲ್ಲ. ಕಣ್ಣು ಓಡುತ್ತದೆ, ಕಿವಿ ಓಡುವುದಿಲ್ಲ. ಕಣ್ಣಿಗೆ ಪುಟ ಹಾರಿಸುವ ಚಟವಿದೆ. ಕಿವಿಯಾದರೋ ಒಂದು ಮಾತಿನ ಹಿಂದೆ ಇನ್ನೊಂದು ಮಾತು ಬರುವ ತನಕ ಕಾದು ಕುಳಿತಿರಬೇಕು. ಹಿರಿಯರು ಮೊದಲು ಶ್ರವಣ, ಆಮೇಲೆ ಮನನ, ಆಮೇಲೆ ನಿದಿಧ್ಯಾಸ ಎಂದು ಕ್ರಮ ಹೇಳಿದ್ದು ಸುಮ್ಮನೆ ಅಲ್ಲ.

ಈ ವರ್ಷ ಮೊದಲು ಕೈಗೆತ್ತಿಕೊಂಡದ್ದು ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ. ಅದರ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. 2023ಕ್ಕೆ ನೂರು ವರ್ಷ ತುಂಬಿತು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಅಂದಿನ ವಕೀಲರು ಬಂಗಲೆ ಕಟ್ಟಿಸುತ್ತಿದ್ದರು. ಇವರೋ ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು. ಹಳ್ಳಿ ಹಳ್ಳಿಗೆ ಹೋಗಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಬಿಚ್ಚಿಸಿ ನೋಡಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅದೇ ಕೆಲಸ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಓಲೆಗರಿಗಳಿಗೆ ವಿಭೂತಿ ಇತ್ತು, ಹೂ ಇತ್ತು, ಊದುಬತ್ತಿ ಇತ್ತು. ಇಲ್ಲದಿದ್ದುದು ಓದುವವನು ಮಾತ್ರ. ಅರಿವೆಯಲ್ಲಿ ಸುತ್ತಿದ ಕಟ್ಟನ್ನು ಬಿಚ್ಚದೆ ಕೈಮುಗಿದರೆ ಹುಳ ಓದುತ್ತದೆ, ನಾವು ಓದುವುದಿಲ್ಲ. ಇಂದು ನಮ್ಮ ಮನೆಗಳಲ್ಲಿ ಓಲೆಗರಿ ಇಲ್ಲ, ದಪ್ಪ ದಪ್ಪ ಗ್ರಂಥಗಳಿವೆ. ಮದುವೆಯಲ್ಲಿ ಉಡುಗೊರೆ ಬಂದವು, ಸನ್ಮಾನದಲ್ಲಿ ಬಂದವು. ಗಾಜಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೇವೆ. ಹಳಕಟ್ಟಿಯವರು ಮತ್ತೊಮ್ಮೆ ಬಂದರೆ ಮತ್ತೊಮ್ಮೆ ಬಿಚ್ಚಿಸಬೇಕಾದೀತು!

ಇದಕ್ಕೆ ವಿರುದ್ಧವಾದುದೂ ಒಂದಿದೆ. ಒಬ್ಬ ತರುಣ ಭಕ್ತ ಬಂದಿದ್ದ. ಕಲಿತವನು, ಒಳ್ಳೆಯವನು. ಸರ್ಕಾರದವರು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು ಇವೆಯಲ್ಲ, ಅವನ್ನು ಒಂದೇ ವರ್ಷದಲ್ಲಿ ಓದಿದ್ದಾನೆ. "ಅಜ್ಜಾರ, ಹದಿನೈದೂ ಮುಗಿಸೀನ್ರಿ. ಮುಂದ ಏನ್ ಓದ್ಲಿ?" ಎಂದು ಕೇಳಿದ. ಅವನ ಶ್ರಮಕ್ಕೆ ಸಂತೋಷವಾಯಿತು. "ತಮ್ಮಾ, ಊಟ ಮುಗಿಸಿದಿ, ಸರಿ. ಈಗ ಅರಗಿಸು. ಅದರಾಗಿಂದ ಒಂದೇ ಒಂದು ವಚನ ತಗೊಂಡು ಒಂದು ವರ್ಷ ಇಟ್ಕೋ" ಎಂದು ಹೇಳಿ ಕಳಿಸಿದೆವು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಗಾದೆಯೇ ಇದೆ. ಆ ಮುಕ್ಕಾಲು ಬರುವುದು ಮುಂದಿನ ಪುಸ್ತಕದಿಂದಲ್ಲ, ಅದೇ ಪುಸ್ತಕಕ್ಕೆ ಮರಳುವುದರಿಂದ.

ಒಮ್ಮೆ ಓದಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲುತ್ತದೆ, ಓದಿದ ಮರುದಿನವೇ ನಡೆಯುವ ಶಕ್ತಿಯಿದ್ದರೆ. ಈ ವರ್ಷ ಗಾಂಧೀಜಿಯವರ ಆತ್ಮಕಥೆಯನ್ನೂ ಓದಿಸಿ ಕೇಳಿದೆವು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೊರಟಾಗ ಅವರ ಸ್ನೇಹಿತ ಪೋಲಾಕ್ ನಿಲ್ದಾಣದಲ್ಲಿ ರಸ್ಕಿನ್ನನ ಒಂದು ಸಣ್ಣ ಪುಸ್ತಕವನ್ನು ಕೈಗಿಟ್ಟರು. ಇಪ್ಪತ್ತನಾಲ್ಕು ತಾಸಿನ ಪ್ರಯಾಣ. ಗಾಂಧೀಜಿ ಕೆಳಗಿಡಲಾರದೆ ಓದಿದರು, ರಾತ್ರಿ ನಿದ್ದೆ ಬರಲಿಲ್ಲ. ಅದೇ ವರ್ಷ ಫೀನಿಕ್ಸ್ ಎಂಬಲ್ಲಿ ಹೊಲ ಕೊಂಡು, ಪತ್ರಿಕೆಯ ಕೆಲಸವನ್ನು ಅಲ್ಲಿಗೆ ಒಯ್ದು, ಎಲ್ಲರೂ ಮೈಮುರಿದು ದುಡಿಯುವ, ಎಲ್ಲರಿಗೂ ಸಮನಾದ ಕೂಲಿಯ ಬಾಳನ್ನು ಆರಂಭಿಸಿದರು. 1908ರಲ್ಲಿ ಆ ಪುಸ್ತಕದ ಸಾರವನ್ನು ಗುಜರಾತಿಯಲ್ಲಿ ಬರೆದು ಸರ್ವೋದಯ ಎಂದು ಹೆಸರಿಟ್ಟರು. ಒಂದು ರಾತ್ರಿ, ಒಂದು ಪುಸ್ತಕ, ಒಂದು ಬಾಳು. ಅಂಥವರಿಗೆ ಒಂದು ಓದು ಸಾಕು. ನಮ್ಮಂಥವರಿಗೆ ಹತ್ತು ಸಲ ಬೇಕು.

ಮರಳಿ ಓದಿದ್ದರಲ್ಲಿ ಮುಖ್ಯವಾದುದು ಶೂನ್ಯಸಂಪಾದನೆ. ಅದರಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುವ ಪ್ರಸಂಗವಿದೆ. ಸಿದ್ಧರಾಮಯ್ಯನವರು ಸಾವಿರಾರು ಜನರಿಂದ ಕೆರೆ ಕಟ್ಟಿಸುತ್ತಿದ್ದಾರೆ. ಪ್ರಭುಗಳು ಬಂದು ಅವರನ್ನು ಒಡ್ಡನೆಂದು ಕರೆಯುತ್ತಾರೆ. ಕೆಲಸಗಾರರು ಸಿಟ್ಟಾಗಿ ಕಲ್ಲೆತ್ತುತ್ತಾರೆ. ಮೂವತ್ತರ ವಯಸ್ಸಿನಲ್ಲಿ ಓದಿದಾಗ ನಮಗೆ ಪ್ರಭುಗಳ ಮಾತು ದೊಡ್ಡದಾಗಿ ಕೇಳಿಸಿತ್ತು. ಹೊರಗೆ ಅಗೆದದ್ದು ಸಾಲದು, ಒಳಗೆ ಅಗೆಯಬೇಕು ಎಂಬುದು ಅದರ ತಿರುಳು. ಆ ತಿರುಳು ಇಂದಿಗೂ ಸತ್ಯವೇ. ಆದರೆ ಈ ಸಲ ಬರದ ವರ್ಷದಲ್ಲಿ ಕೇಳುವಾಗ ಗುದ್ದಲಿಯ ಸಪ್ಪಳವೂ ಕೇಳಿಸಿತು. ಸೊಲ್ಲಾಪುರಕ್ಕೆ ಹೋದವರು ನೋಡಿದ್ದೀರಿ, ಸಿದ್ಧೇಶ್ವರರ ಗುಡಿಯ ಸುತ್ತ ಆ ಕೆರೆ ಇಂದಿಗೂ ಇದೆ. ಪ್ರಭುಗಳೂ ಸಿದ್ಧರಾಮಯ್ಯನವರಿಗೆ ಕೆರೆ ಕೆಡಿಸು ಎನ್ನಲಿಲ್ಲ, ಕೆರೆ ಕಟ್ಟುವವನನ್ನು ಅರಿ ಎಂದರು. ಅದೇ ಪುಟ, ಅದೇ ಅಕ್ಷರ. ವಯಸ್ಸು ಬೇರೆ, ವರ್ಷ ಬೇರೆ. ಆದುದರಿಂದ ಕೇಳಿಸಿದ ದನಿ ಎರಡಾಯಿತು. ಮರು ಓದು ಎಂದರೆ ಇದೇ.

ಇನ್ನು ಆಯ್ದಕ್ಕಿ ಮಾರಯ್ಯನವರ ಪ್ರಸಂಗ. ಇದನ್ನು ಈ ಪೀಠದಿಂದಲೇ ಎಷ್ಟೋ ಸಲ ಹೇಳಿದ್ದೇವೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲೇ ಜಂಗಮ ದಾಸೋಹ ಮಾಡಿ ಬದುಕಿದ ದಂಪತಿಗಳು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡದಿ ಲಕ್ಕಮ್ಮ ನೋಡಿ, ಇದು ನಮಗೆ ಬೇಕಾದುದಕ್ಕಿಂತ ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಹುಡುಗ ಇದನ್ನು ಓದಿ ನಿಲ್ಲಿಸಿದ. ಮುಂದಕ್ಕೆ ಹೋಗಲಿಲ್ಲ. "ಅಜ್ಜಾರ, ಹೆಚ್ಚಿಗಿ ತಂದ್ರ ತಪ್ಪೇನ್ರಿ? ಮರುದಿನಕ್ಕ ಆಗ್ತಿತ್ತಲ್ರಿ?" ಎಂದ.

ಆ ಹುಡುಗನ ತಾಯಿ ಕೂಲಿ ಮಾಡುವವಳು. 2023ರ ಮುಂಗಾರು ಕೈಕೊಟ್ಟಾಗ ನಮ್ಮ ನಾಡಿನ 223 ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತ್ತು. ಆ ವರ್ಷ ಹೊಲದಲ್ಲಿ ಕೆಲಸವಿಲ್ಲ, ಕೂಲಿಯಿಲ್ಲ. ನಾಳೆಯ ಹಿಟ್ಟು ಎಲ್ಲಿಂದ ಎಂದು ಚಿಂತಿಸುವ ಮನೆಯ ಕೂಸು ಅದು. ಆ ಕೂಸಿಗೆ ಸಂಗ್ರಹ ಮಾಡಬಾರದಪ್ಪಾ ಎಂದು ಬೋಧಿಸಬಹುದೇ? ಬಾಯಿಗೆ ಮಾತು ಬಂದಿತ್ತು, ಆದರೆ ಆಡಲಿಲ್ಲ. ಅಂದು ರಾತ್ರಿ ಅದೇ ಪುಟವನ್ನು ನಾವೇ ಕಣ್ಣಿಗೆ ಹಿಡಿದು ಓದಿದೆವು. ಆಗ ಹೊಳೆದದ್ದು ಇದು: ಲಕ್ಕಮ್ಮ ಆ ಮಾತನ್ನು ಹೇಳಿದ್ದು ಯಾರಿಗೆ? ನೆರೆಮನೆಯವರಿಗಲ್ಲ, ಕೂಲಿಯವರಿಗಲ್ಲ. ತನ್ನ ಗಂಡನಿಗೆ. ಯಾವ ಅಕ್ಕಿಯ ಬಗ್ಗೆ? ತನ್ನ ಅಡಿಗೆಮನೆಯ ಅಕ್ಕಿಯ ಬಗ್ಗೆ. ತನ್ನ ಗಡಿಗೆಯನ್ನು ತಾನೇ ಅಳೆದುಕೊಂಡ ತಾಯಿ ಅವಳು. ಆ ಮಾತನ್ನು ಇನ್ನೊಬ್ಬರ ಗಡಿಗೆಗೆ ಅಳತೆ ಮಾಡಿದರೆ ಅದು ವಚನವಾಗುವುದಿಲ್ಲ, ದಬ್ಬಾಳಿಕೆಯಾಗುತ್ತದೆ. ಕಣಜ ತುಂಬಿದವನು ಬರಿಗಡಿಗೆಯವನಿಗೆ ಲಕ್ಕಮ್ಮನ ಕಥೆ ಹೇಳಬಾರದು, ತಾನೇ ಕೇಳಿಸಿಕೊಳ್ಳಬೇಕು.

ಮರುದಿನ ಮಠದ ಕಣಜದ ಬಾಗಿಲು ತೆಗೆಸಿ, ಮುಂದಿನ ಸುಗ್ಗಿಯ ತನಕ ದಾಸೋಹಕ್ಕೆ ಬೇಕಾದ ಜೋಳವೆಷ್ಟು, ಇರುವುದೆಷ್ಟು ಎಂದು ಅಳೆಸಿದೆವು. ಹಿರಿಯರಲ್ಲಿ ಕೆಲವರು, "ಬುದ್ಧೀ, ಮುಂದಿನ ವರ್ಷವೂ ಮಳೆ ಆಗದಿದ್ದರೆ?" ಎಂದರು. ಆ ಅಂಜಿಕೆ ಸುಳ್ಳಲ್ಲ. ಆದರೂ ಹೆಚ್ಚಾದುದನ್ನು ಕೂಲಿಯ ಮನೆಗಳಿಗೆ ಕಳಿಸಲು ಕೊನೆಗೆ ಎಲ್ಲರೂ ಒಪ್ಪಿದರು. ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು, ಅವರು ಬೆಳೆದ ಜೋಳವೇ ಅದು. ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಒಂದು ಪುಟ ಓದಿದರೆ ಒಂದು ಬಾಗಿಲಾದರೂ ತೆರೆಯಬೇಕು ಎಂಬುದಕ್ಕೆ ಹೇಳುತ್ತಿದ್ದೇವೆ.

ಆದುದರಿಂದ ಭಕ್ತರೇ, ನಿಮ್ಮಲ್ಲಿ ನಾವು ಕೇಳುವುದು ಇಷ್ಟೇ. ಮುಂದಿನ ಪಾಡ್ಯದೊಳಗೆ ನೂರು ಪುಸ್ತಕ ಓದಿರೆಂದು ಹೇಳುವುದಿಲ್ಲ. ಮನೆಯಲ್ಲಿರುವ ಒಂದು ಗ್ರಂಥವನ್ನು ಕಪಾಟಿನಿಂದ ತೆಗೆಯಿರಿ. ದಿನಕ್ಕೆ ಒಂದು ಪುಟ. ಬಾಯಿಬಿಟ್ಟು ಓದಿರಿ. ಅಕ್ಷರ ಬಾರದ ಅಜ್ಜಿಯನ್ನು ಹತ್ತಿರ ಕೂಡಿಸಿಕೊಳ್ಳಿರಿ, ಮಕ್ಕಳು ನಡುವೆ ಪ್ರಶ್ನೆ ಕೇಳಿದರೆ ಗದರಬೇಡಿರಿ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿರಿ. ಓದಿದ ಮಾತು ಮೊದಲು ನಮ್ಮ ಮನೆಯ ಗಡಿಗೆಯನ್ನು ಅಳೆಯಲಿ, ನಮ್ಮ ನಾಲಿಗೆಯನ್ನು ಅಳೆಯಲಿ. ಪುಸ್ತಕ ಹಳತಾಗಲಿ, ಪುಟ ಮಾಸಲಿ, ಓದುವವರ ಮನಸ್ಸು ಹೊಸದಾಗುತ್ತಿರಲಿ.